ಸಹಿಯ ಮೇಲಿನ ಹೆಸರನ್ನು ಅಳಿಸಬೇಡಿ

ಲೇಖಕರ ಸಹಿಯಿರುವ ಹಳೆಯ ಪುಸ್ತಕವನ್ನು ಮಾರಲು ತರುವವರು ಸಹಿಯ ಮೇಲಿರುವ, ಲೇಖಕರು ಪುಸ್ತಕ ಕೊಟ್ಟವರ ಹೆಸರನ್ನು ದಯವಿಟ್ಟು ಅಳಿಸಿ ತರಬೇಡಿ. ಬಳ್ಳಾರಿಯಲ್ಲಿ ಹಳೆಯ ಪುಸ್ತಕಗಳ ವ್ಯಾಪಾರಕ್ಕೆ ಕೂತಂದಿನಿಂದ ಈ ಮಾತನ್ನು ಹೇಳಿದಷ್ಟು ಸಲ ಬೇರಾವ ಮಾತನ್ನೂ ನಾನು ಹೇಳಿಲ್ಲ.

ಹೋದ ಶ್ರಾವಣದಲ್ಲಿ ಕೊಪ್ಪಳದ ಕಡೆಯವರೊಬ್ಬರು ತಮ್ಮ ತಂದೆಯ ಪೆಟ್ಟಿಗೆಯಲ್ಲಿ ಸಿಕ್ಕ ಪುಸ್ತಕವನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಬಂದರು. ಜಾತ್ರೆ, ಬಯಲಾಟ, ಊಟ, ಉಡುಗೆಗಳ ಬಗ್ಗೆ ಪತ್ರಕರ್ತರೊಬ್ಬರು ಬರೆದ ಪ್ರಬಂಧಗಳ ಮೊದಲ ಮುದ್ರಣ ಅದು. ಬೆಲೆ ಎರಡು ರೂಪಾಯಿ ಎಂಟು ಆಣೆ. ಒಳಪುಟದಲ್ಲಿ ನೀಲಿ ಮಸಿಯ ಸಹಿ, ಅದರ ಕೆಳಗೆ ‘ರಾಯಚೂರು, ನವೆಂಬರ್ 1956’. ಮೇಲಿದ್ದ ಹೆಸರನ್ನು ಬ್ಲೇಡಿನಿಂದ ಕೆರೆದಿದ್ದರು. ಬೆಳಕಿಗೆ ಹಿಡಿದಾಗ ಅಲ್ಲಿ ಕಾಗದ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿ, ‘ಮಾಸ್ತರರಿಗೆ’ ಎಂಬುದರ ಕೊನೆಯ ‘ರಿಗೆ’ ಮಾತ್ರ ಮಸುಕಾಗಿ ಉಳಿದಿತ್ತು. ಆ ಮಾಸ್ತರರು ಅವರ ತಂದೆಯೇ.

ಬೇರೆಯವರ ಹೆಸರಿದ್ದರೆ ಕೊಳ್ಳುವವರು ಹಿಂಜರಿಯುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಆದರೆ ಬರಿಯ ಸಹಿಯನ್ನು ನಕಲು ಮಾಡುವುದು ಕೈ ಪಳಗಿದವನಿಗೆ ಕಷ್ಟವಲ್ಲ. ಎರಡು ಸಾಲಿನ ಒಕ್ಕಣೆಯಿದ್ದರೆ ತಲೆಕಟ್ಟು ಹೇಗೆ ಬಾಗಿದೆ, ಒತ್ತಕ್ಷರ ಎಷ್ಟು ಕೆಳಗಿಳಿದಿದೆ, ಪೆನ್ನು ಎಲ್ಲಿ ಮೇಲೆದ್ದಿದೆ ಎಂಬುದನ್ನೆಲ್ಲ ಲೇಖಕರ ಪತ್ರಗಳೊಡನೆ ಹೋಲಿಸಿ ನೋಡಬಹುದು. ಹೆಸರು, ಊರು, ತೇದಿ ಒಂದಕ್ಕೊಂದು ಸಾಕ್ಷಿ ನುಡಿಯುತ್ತವೆ. ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ತಿಂಗಳು ಅದು. ಕೊಪ್ಪಳ ಆಗ ಅದೇ ಜಿಲ್ಲೆಯಲ್ಲಿತ್ತು. ಆ ತಿಂಗಳು ಪತ್ರಕರ್ತರೊಬ್ಬರು ರಾಯಚೂರಿನಲ್ಲಿ ಯಾರನ್ನು ಕಂಡಿದ್ದರು ಎಂಬುದು ಆ ಕೆರೆದ ಜಾಗದಲ್ಲಿತ್ತು. ಆಣೆಯ ಬದಲು ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಹಾಗಾಗಿ ಆಣೆಯ ಬೆಲೆಯೂ ತೇದಿಗೆ ಹೊಂದುತ್ತದೆ. ಆದರೆ ಅದೊಂದರಿಂದಲೇ ಮೊದಲ ಮುದ್ರಣವೆಂದು ತೀರ್ಮಾನಿಸಲಾಗದು, ಮುದ್ರಣದ ವಿವರವಿರುವ ಪುಟವನ್ನೂ ನೋಡಬೇಕು.

ಹೆಸರಿದ್ದರೆ ಬೆಲೆ ಏರಿಯೇ ಏರುತ್ತದೆ ಎಂದು ನಾನು ಭರವಸೆ ಕೊಡಲಾರೆ. ಅದು ಲೇಖಕರನ್ನೂ ಪ್ರತಿಯ ಸ್ಥಿತಿಯನ್ನೂ ಅವಲಂಬಿಸಿದೆ. ಆದರೆ ಕೆರೆದ ಪುಟವನ್ನು ಕಂಡ ಸಂಗ್ರಾಹಕರು ಮೊದಲು ಕೇಳುವುದು, ಇದು ಯಾವ ಗ್ರಂಥಾಲಯದಿಂದ ಕದ್ದದ್ದು ಎಂದು.

ಹೋದ ಮಸಿಯನ್ನು ಮರಳಿ ತರಲಾಗುವುದಿಲ್ಲ. ತೆಳ್ಳಗಾದ ಜಾಗಕ್ಕೆ ಹಿಂದಿನಿಂದ ಗೋಧಿಹಿಟ್ಟಿನ ಅಂಟಿನಲ್ಲಿ ಜಪಾನಿ ಕಾಗದ ಹಚ್ಚಿಕೊಟ್ಟೆ. ಅವರು ಪುಸ್ತಕವನ್ನು ಮಾರದೆ ಮನೆಗೆ ಒಯ್ದರು. ಅದೇ ಲೇಖಕರು ತಂದೆಗೆ ಬರೆದ ಕಾರ್ಡೊಂದು ಪೆಟ್ಟಿಗೆಯಲ್ಲಿದೆ ಎಂದು ಹೊಸ್ತಿಲು ದಾಟುವಾಗ ಹೇಳಿದರು. ಅದನ್ನು ಒರೆಸದೆ, ಇದ್ದಂತೆಯೇ ತನ್ನಿ ಎಂದು ಎರಡು ಸಲ ಹೇಳಿ ಕಳಿಸಿದೆ.