ವಿಂಡ್ ಟನಲ್‌ನ ಗೋಡೆ ಮತ್ತು ಪ್ರೊಪೆಲ್ಲರ್‌ನ ದಕ್ಷತೆ: ಅಧ್ಯಯನ ಟಿಪ್ಪಣಿ

ಅಡಿಕೆ ತೋಟದ ಕಣಿಯಲ್ಲಿ ನೀರು ಹರಿಯುವಾಗ ನಡುವೆ ಒಂದು ಕಲ್ಲು ಇಟ್ಟು ನೋಡಿ. ಎರಡೂ ಬದಿಯ ಸಂದಿಯಲ್ಲಿ ನೀರು ರಭಸದಿಂದ ನುಗ್ಗುತ್ತದೆ. ಅದೇ ಕಲ್ಲು ಚಂದ್ರಗಿರಿ ಹೊಳೆಯ ನಡುವೆ ಬಿದ್ದರೆ ಹೊಳೆಗೆ ಅದು ಲೆಕ್ಕಕ್ಕೇ ಇಲ್ಲ. ವಿಮಾನ ಹಾರುವ ಆಕಾಶ ಹೊಳೆಯ ಹಾಗೆ, ನಾವು ವಿಮಾನದ ಮಾದರಿಯನ್ನು ನಿಲ್ಲಿಸಿ ಗಾಳಿ ಹಾಯಿಸುವ ಕೊಳವೆ, ಅಂದರೆ ವಿಂಡ್ ಟನಲ್, ಕಣಿಯ ಹಾಗೆ. ಈ ವ್ಯತ್ಯಾಸವನ್ನು ಲೆಕ್ಕ ಹಾಕಿ ಕಳೆಯುವುದೇ ಗೋಡೆಯ ತಿದ್ದುಪಡಿ.

ಉದಾಹರಣೆಗೆ 60 × 60 ಸೆಂ.ಮೀ.ನ, ನಾಲ್ಕೂ ಕಡೆ ಮುಚ್ಚಿದ ಟೆಸ್ಟ್ ಸೆಕ್ಷನ್ (ಟನಲ್‌ನಲ್ಲಿ ಮಾದರಿ ನಿಲ್ಲುವ ಭಾಗ) ತೆಗೆದುಕೊಳ್ಳೋಣ. ಅಡ್ಡಕೊಯ್ತ 3600 ಚ.ಸೆಂ.ಮೀ. ಮಾದರಿಯನ್ನು ಎದುರಿನಿಂದ ನೋಡಿದಾಗ ಕಾಣುವ ವಿಸ್ತೀರ್ಣ 90 ಚ.ಸೆಂ.ಮೀ., ಅಂದರೆ 2.5%. ಇದರ ಕಾಲು ಭಾಗದಷ್ಟು, ಸುಮಾರು 0.6%, ವೇಗ ಹೆಚ್ಚುತ್ತದೆ ಎಂಬುದು ಕೈಲೆಕ್ಕ. ಡೈನಮಿಕ್ ಒತ್ತಡ (ಗಾಳಿ ತನ್ನ ವೇಗದಿಂದ ಹಾಕುವ ಒತ್ತಡ) ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು 1.25% ಏರುತ್ತದೆ. ಎದುರು ವಿಸ್ತೀರ್ಣ 5% ದಾಟಿದರೆ ಈ ಕೈಲೆಕ್ಕವನ್ನು ನಂಬಬೇಡಿ, ಮಾದರಿಯನ್ನೇ ಚಿಕ್ಕದು ಮಾಡಿ.

ರೆಕ್ಕೆಯದ್ದು ಬೇರೆ ಕತೆ. ರೆಕ್ಕೆ ಕೆಳಕ್ಕೆ ದೂಡುವ ಗಾಳಿಯನ್ನು, ಅಂದರೆ ಡೌನ್‌ವಾಶನ್ನು, ಗೋಡೆ ಪೂರ್ತಿ ಇಳಿಯಲು ಬಿಡುವುದಿಲ್ಲ. ಹಾಗಾಗಿ ರೆಕ್ಕೆ ಗಾಳಿಗೆ ಕಡಿಮೆ ಕೋನದಲ್ಲಿದ್ದರೂ ಬೇಕಾದ ಲಿಫ್ಟ್ (ಮೇಲೆತ್ತುವ ಬಲ) ಸಿಗುತ್ತದೆ, ಡ್ರ್ಯಾಗ್ (ಗಾಳಿಯ ಎಳೆತ) ಕೂಡ ಕಡಿಮೆ ಕಾಣುತ್ತದೆ. ರೆಕ್ಕೆ 40 × 10 ಸೆಂ.ಮೀ., ಲಿಫ್ಟ್ ಗುಣಾಂಕ 0.8, ಚೌಕ ಟನಲ್‌ನ ಗೋಡೆ ತಿದ್ದುಪಡಿಯ ಗುಣಾಂಕ ಸುಮಾರು 0.14 ಎಂದಿಟ್ಟುಕೊಂಡರೆ ಕೋನಕ್ಕೆ 0.7 ಡಿಗ್ರಿ, ಡ್ರ್ಯಾಗ್ ಗುಣಾಂಕಕ್ಕೆ 0.010 ಕೂಡಿಸಬೇಕು. ಈ ರೆಕ್ಕೆಯ ಪ್ರೇರಿತ ಡ್ರ್ಯಾಗ್ (ಲಿಫ್ಟ್‌ನಿಂದಲೇ ಹುಟ್ಟುವ ಎಳೆತ) ಇರುವುದೇ 0.051ರಷ್ಟು. ಅದರಲ್ಲಿ ಐದನೇ ಒಂದು ಭಾಗವನ್ನು ಗೋಡೆ ಬಚ್ಚಿಟ್ಟಿದೆ! ಗೋಡೆಯಿಲ್ಲದ ತೆರೆದ ಜೆಟ್‌ನಲ್ಲಿ ಈ ತಿದ್ದುಪಡಿಯ ಚಿಹ್ನೆ ತಿರುಗುಮುರುಗು.

ಈಗ ಪ್ರೊಪೆಲ್ಲರ್. ಹೆಚ್ಚಿನವರು ಎಡವುವುದು ಇಲ್ಲೇ. ಕಲ್ಲು ನೀರನ್ನು ತಡೆಯುತ್ತದೆ, ಪ್ರೊಪೆಲ್ಲರ್ ಗಾಳಿಯನ್ನು ಎಳೆದು ಹಿಂದಕ್ಕೆ ದೂಡುತ್ತದೆ. ಅದರ ಹಿಂದಿನ ಪ್ರವಾಹ ವೇಗವಾದಷ್ಟೂ, ಟನಲ್‌ನೊಳಗಿನ ಒಟ್ಟು ಗಾಳಿ ಅಷ್ಟೇ ಇರುವುದರಿಂದ, ಸುತ್ತಲಿನ ಗಾಳಿ ನಿಧಾನವಾಗುತ್ತದೆ. ಆದ್ದರಿಂದ ತಿದ್ದುಪಡಿ ಮಾದರಿಯದ್ದಕ್ಕೆ ತದ್ವಿರುದ್ಧ. ವಾಯುಗತಿ ವಿಜ್ಞಾನಿ ಗ್ಲಾವರ್ಟ್ ಕೊಟ್ಟ ಸೂತ್ರ ಹೀಗೆ: ಥ್ರಸ್ಟನ್ನು (ಪ್ರೊಪೆಲ್ಲರ್ ಮುಂದಕ್ಕೆ ದೂಡುವ ಬಲ) ಗಾಳಿಯ ಸಾಂದ್ರತೆ, ಡಿಸ್ಕ್ (ಪ್ರೊಪೆಲ್ಲರ್ ತಿರುಗುವ ವೃತ್ತ) ವಿಸ್ತೀರ್ಣ, ವೇಗದ ವರ್ಗ ಇವುಗಳ ಗುಣಲಬ್ಧದಿಂದ ಭಾಗಿಸಿ, ಬಂದದ್ದು ಟಾವ್. ಡಿಸ್ಕ್ ವಿಸ್ತೀರ್ಣವನ್ನು ಟನಲ್ ವಿಸ್ತೀರ್ಣದಿಂದ ಭಾಗಿಸಿ, ಬಂದದ್ದು ಆಲ್ಫಾ. ಟಾವ್ × ಆಲ್ಫಾವನ್ನು, (1 + 2 ಟಾವ್) ಇದರ ವರ್ಗಮೂಲದ ಎರಡು ಪಟ್ಟಿನಿಂದ ಭಾಗಿಸಿದರೆ ವೇಗದಲ್ಲಿ ಕಳೆಯಬೇಕಾದ ಪಾಲು ಸಿಗುತ್ತದೆ.

25 ಸೆಂ.ಮೀ. ವ್ಯಾಸದ ಪ್ರೊಪೆಲ್ಲರ್, ಗಾಳಿ ಸೆಕೆಂಡಿಗೆ 15 ಮೀಟರ್, ಥ್ರಸ್ಟ್ ಸುಮಾರು 6.35 ನ್ಯೂಟನ್ ಇದ್ದರೆ ಟಾವ್ 0.5, ಆಲ್ಫಾ 0.136, ಕಳೆಯಬೇಕಾದದ್ದು 2.4%. ಮಾದರಿಯ 0.6% ಕೂಡಿಸಿದರೆ ನಿಜವಾದ ವೇಗ ಸುಮಾರು 14.7. ದಕ್ಷತೆ ಎಂದರೆ ಥ್ರಸ್ಟ್ × ವೇಗ ÷ ಶಾಫ್ಟ್ ಶಕ್ತಿ (ಪ್ರೊಪೆಲ್ಲರನ್ನು ತಿರುಗಿಸಲು ಕೊಡುವ ಶಕ್ತಿ). ಹಾಗಾಗಿ 70% ಎಂದು ಬರೆದುಕೊಂಡದ್ದು 68.7%ಕ್ಕೆ ಇಳಿಯುತ್ತದೆ. ಟಾವ್ ಲೆಕ್ಕಕ್ಕೆ ಪ್ರೊಪೆಲ್ಲರ್‌ನ ಥ್ರಸ್ಟೇ ಬೇಕು. ಬಲ ಅಳೆಯುವ ಸಾಧನವಾದ ಬ್ಯಾಲೆನ್ಸ್ ತೋರಿಸುವುದು ಥ್ರಸ್ಟ್‌ನಿಂದ ಮಾದರಿಯ ಡ್ರ್ಯಾಗ್ ಕಳೆದ ಅಂಕಿಯನ್ನು. ಅದನ್ನೇ ನೇರವಾಗಿ ಹಾಕಿದರೆ ತಿದ್ದುಪಡಿ ಕಡಿಮೆ ಬೀಳುತ್ತದೆ.

ಇಷ್ಟೆಲ್ಲ ಮಾಡಿ ಸಾಂದ್ರತೆಯಲ್ಲಿ ತಪ್ಪಿದರೆ ಶ್ರಮ ವ್ಯರ್ಥ. ಕಾಸರಗೋಡಿನ ಕಡಲಂಚಿನಲ್ಲಿ ಸೆಕೆಯ ದಿನ, 30 ಡಿಗ್ರಿಯ ತೇವದ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.15 ಕಿಲೊ. ಪುಸ್ತಕದ 1.225 ಹಾಕಿದರೆ ವೇಗದಲ್ಲೇ 3% ತಪ್ಪು, ಅಂದರೆ ಗೋಡೆಯ ತಪ್ಪಿಗಿಂತ ದೊಡ್ಡದು. ಇನ್ನು ಒತ್ತಡವನ್ನು ನೀರಿನ ಮಟ್ಟದಿಂದ ಅಳೆಯುವ ಮ್ಯಾನೋಮೀಟರ್: ಸೆಕೆಂಡಿಗೆ 15 ಮೀಟರ್ ಗಾಳಿಗೆ ನೀರು ಏರುವುದು ಬರೀ 13 ಮಿ.ಮೀ. ಕಣ್ಣಳತೆಯಲ್ಲಿ ಒಂದು ಮಿ.ಮೀ. ತಪ್ಪಿದರೂ ವೇಗದಲ್ಲಿ ಸುಮಾರು 4% ಹೋಯಿತು. ಕೊಳವೆಯನ್ನು ಹತ್ತಕ್ಕೆ ಒಂದರ ಓರೆಯಲ್ಲಿ ಮಲಗಿಸಿದರೆ ಅದೇ ಏರಿಕೆ 130 ಮಿ.ಮೀ. ಉದ್ದಕ್ಕೆ ಹರಡುತ್ತದೆ. ಸ್ಟ್ಯಾಟಿಕ್ ಒತ್ತಡ (ಹರಿಯುವ ಗಾಳಿ ಗೋಡೆಯ ಮೇಲೆ ಹಾಕುವ ಒತ್ತಡ) ಅಳೆಯುವ ರಂಧ್ರ ಮಾದರಿಯ ಪಕ್ಕದ ಗೋಡೆಯಲ್ಲಿ ಇರಕೂಡದು, ಸಾಕಷ್ಟು ಮುಂದಿರಬೇಕು. ಪಕ್ಕದಲ್ಲಿದ್ದರೆ ಬ್ಲಾಕೇಜ್‌ನ (ಮಾದರಿ ಜಾಗ ತಡೆದು ವೇಗ ಹೆಚ್ಚಿಸುವುದರ) ಒಂದು ಪಾಲು ಮೊದಲೇ ಅಳತೆಯೊಳಗೆ ಸೇರಿ, ಎರಡು ಸಲ ತಿದ್ದಿದಂತಾಗುತ್ತದೆ.

ಶಬ್ದವೇಗದ ಹತ್ತಿರ ಈ ಕೈಲೆಕ್ಕ ನಡೆಯದು. ಮ್ಯಾಕ್ 0.8ರಲ್ಲಿ (ಶಬ್ದವೇಗದ 0.8 ಪಟ್ಟು) ಬ್ಲಾಕೇಜ್ ಸುಮಾರು 4.6 ಪಟ್ಟು ಬೆಳೆಯುತ್ತದೆ, ಮುಂದೆ ಟನಲ್ ಕಟ್ಟಿಕೊಂಡು ಗಾಳಿಯ ವೇಗ ಇನ್ನು ಏರದು. ಇದಕ್ಕೆಂದೇ 1940ರ ದಶಕದಲ್ಲಿ ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ ಟನಲ್ ಗೋಡೆಗೆ ಉದ್ದುದ್ದ ಸೀಳು ಕೊರೆದರು. ಆ ಕೆಲಸಕ್ಕೆ ಜಾನ್ ಸ್ಟ್ಯಾಕ್ ಮತ್ತು ಸಂಗಡಿಗರಿಗೆ ಅಮೆರಿಕದ ವಿಮಾನಯಾನ ಪ್ರಶಸ್ತಿಯಾದ ಕೊಲಿಯರ್ ಟ್ರೋಫಿ 1951ರ ಸಾಲಿಗೆ ಬಂತು.

ಗಾಳಿ ತೀರಾ ನಿಧಾನವಿದ್ದು ಪ್ರೊಪೆಲ್ಲರ್ ಜೋರಾಗಿ ತಿರುಗುತ್ತಿದ್ದರೆ ಗ್ಲಾವರ್ಟ್ ಸೂತ್ರವನ್ನೂ ಬಿಡಿ. ದೂಡಿದ ಗಾಳಿ ಗೋಡೆಯ ಬದಿಯಿಂದ ಸುತ್ತಿ ಮತ್ತೆ ಮುಂದಕ್ಕೇ ಬರುತ್ತದೆ. ಗೋಡೆಗೆ ನೂಲಿನ ತುಂಡುಗಳನ್ನು ಅಂಟಿಸಿಡಿ. ಅವು ಹಿಂದುಮುಂದಾಗಿ ಒದ್ದಾಡಿದರೆ ಆ ಅಳತೆಯನ್ನು ಕೈಬಿಟ್ಟು ಗಾಳಿಯ ವೇಗ ಹೆಚ್ಚಿಸಿ.