ಹೋಲಿಸುವ ಮೊದಲು ಗ್ಲಾಸ್ ನೋಡಿ

ಹೋದ ತಿಂಗಳು ಒಂದು ರುಚಿ ಪರೀಕ್ಷೆಗೆ ಎಂಟು ಜನ ಕೂತಿದ್ದೆವು. ಒಬ್ಬೊಬ್ಬರ ಮುಂದೆಯೂ ಆರು ಗ್ಲಾಸ್. ಹೆಸರಿಲ್ಲ, ಬರೀ ಸಂಖ್ಯೆ. ಎಲ್ಲವೂ ಸಣ್ಣ ಬ್ರೂವರಿಗಳ ಪಿಲ್ಸ್ನರ್, ಅಂದರೆ ತಿಳಿ ಹೊಂಬಣ್ಣದ ಬಿಯರ್. ಎರಡನೇ ಮತ್ತು ಐದನೇ ಗ್ಲಾಸಿನಲ್ಲಿದ್ದದ್ದು ಒಂದೇ ಬಿಯರ್, ಒಂದೇ ಕ್ಯಾನಿನಿಂದ ಸುರಿದದ್ದು. ಅದು ಸುರಿದವರಿಗೆ ಮಾತ್ರ ಗೊತ್ತಿತ್ತು. ಎರಡನೆಯದಕ್ಕೆ ನಾನು 50ಕ್ಕೆ 38 ಅಂಕ ಕೊಟ್ಟೆ. ಐದನೆಯದಕ್ಕೆ 31 ಕೊಟ್ಟು, ಪಕ್ಕದಲ್ಲಿ 'ಸಪ್ಪೆ' ಅಂತ ಬರೆದೆ.

ಬಿಯರ್ ಬದಲಾಗಿರಲಿಲ್ಲ, ನನ್ನ ನಾಲಿಗೆ ಬದಲಾಗಿತ್ತು. ನಾಲ್ಕನೇ ಗ್ಲಾಸ್ ಸಿಕ್ಕಾಪಟ್ಟೆ ಕಹಿ ಇತ್ತು. ಅದರ ಬೆನ್ನಿಗೆ ಬಂದ ಯಾವ ಬಿಯರ್ ಆದರೂ ಸಪ್ಪೆಯೇ ಅನಿಸುತ್ತಿತ್ತು. ಬ್ರೂವರಿಗಳಿಗೆ ರುಚಿ ಪರೀಕ್ಷೆ ಮಾಡಿಕೊಡುವುದೇ ನನ್ನ ಕೆಲಸ. ನನಗೇ ಹೀಗಾಗುತ್ತದೆ ಅಂದರೆ, ಸಂಜೆ ಗೆಳೆಯರ ಜೊತೆ ಕೂತು ನಾಲ್ಕು ಬಿಯರ್ ಹೋಲಿಸುವವರಿಗೆ ಆಗದೇ ಇರುತ್ತದಾ? ಒಳ್ಳೆಯ ಪಿಲ್ಸ್ನರ್ ಮಾಡಲು ಬ್ರೂವರ್ ಐದಾರು ವಾರ ಕಾದಿರುತ್ತಾರೆ. ನಾವು ಎರಡು ಗುಟುಕಿನಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ. ಆ ಎರಡು ಗುಟುಕಾದರೂ ನ್ಯಾಯವಾಗಿರಬೇಕು, ಅಲ್ವಾ?

ಮೊದಲ ನ್ಯಾಯ, ಬಿಯರನ್ನು ಅದರದೇ ಜಾತಿಯ ಜೊತೆ ಹೋಲಿಸುವುದು. ಕಪ್ಪನೆಯ ಸ್ಟೌಟ್ ಬಿಯರಿನ ಪಕ್ಕ ಪಿಲ್ಸ್ನರ್ ಇಟ್ಟು ಯಾವುದು ಮೇಲು ಅಂತ ಕೇಳಿದರೆ ಉತ್ತರ ಬರುವುದಿಲ್ಲ. ನಿಮಗೆ ಯಾವುದು ಇಷ್ಟ ಅನ್ನುವುದಷ್ಟೇ ತಿಳಿಯುತ್ತದೆ. ಏಲ್ ಸಾಮಾನ್ಯವಾಗಿ 15ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗುತ್ತದೆ. ಆ ಬಿಸಿಗೆ ಯೀಸ್ಟ್ ಹಣ್ಣಿನ ಘಮ ಜಾಸ್ತಿ ಬಿಡುತ್ತದೆ. ಲಾಗರ್ 7ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗುತ್ತದೆ, ಅದರಲ್ಲಿ ಯೀಸ್ಟ್ ಹಿಂದೆ ಸರಿದು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಮತ್ತು ಹಾಪ್ಸ್ (ಕಹಿ, ಘಮ ಕೊಡುವ ಹೂವು) ಮುಂದೆ ಬರುತ್ತವೆ. 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸೆನ್ ಊರಿನಲ್ಲಿ ಹುಟ್ಟಿದ ಪಿಲ್ಸ್ನರ್ ಈ ಲಾಗರ್ ಗುಂಪಿನದು.

ಗೋಧಿ ಹಾಕಿ ಮಾಡುವ ಜರ್ಮನ್ ವೀಟ್ ಬಿಯರಿನಲ್ಲಿ ಬಾಳೆಹಣ್ಣು ಮತ್ತು ಲವಂಗದ ವಾಸನೆ ಬರಲೇಬೇಕು. ಬರದಿದ್ದರೆ ಅದು ಕೊರತೆ. ಅದೇ ಲವಂಗದ ವಾಸನೆ ಪಿಲ್ಸ್ನರಿನಲ್ಲಿ ಬಂದರೆ, ಎಲ್ಲಿಂದಲೋ ಬೇರೆ ಯೀಸ್ಟ್ ಒಳಗೆ ಸೇರಿಕೊಂಡಿದೆ ಅಂತ ಅರ್ಥ. ಹುಳಿಯದೂ ಇದೇ ಕಥೆ. ಬೆಲ್ಜಿಯಂನ ಲ್ಯಾಂಬಿಕ್‌ಗೆ ಹುಳಿಯೇ ಜೀವ. ಸಾಮಾನ್ಯ ಪೇಲ್ ಏಲ್ ಹುಳಿಯಾಗಿದ್ದರೆ ಅದು ಕೆಟ್ಟಿದೆ.

ಎರಡನೆಯದು ಗ್ಲಾಸ್. ಇದನ್ನು ಹೇಳಿದಾಗ ಜನ ತಲೆಯಾಡಿಸಿ ಮರೆತುಬಿಡುತ್ತಾರೆ, ಆದರೆ ನಾನು ಕೆಲಸದಲ್ಲಿ ಅತಿ ಹೆಚ್ಚು ಬಾರಿ ಕಂಡ ತಪ್ಪು ಇದೇ. ಗ್ಲಾಸಿಗೆ ಬಿಯರ್ ಸುರಿದು ಒಳಗಿನ ಗೋಡೆ ನೋಡಿ. ನೊರೆಯ ಕೆಳಗೆ, ಗಾಜಿಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಅಲ್ಲಿ ಜಿಡ್ಡೋ ಸೋಪೋ ಉಳಿದಿದೆ. ಗ್ಲಾಸ್ ಶುಚಿಯಾಗಿದ್ದರೆ ಒಂದೊಂದು ಗುಟುಕಿಗೂ ನೊರೆ ಒಂದೊಂದು ಉಂಗುರ ಬಿಟ್ಟು ಇಳಿಯುತ್ತದೆ. ಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಘಮವನ್ನು ಮೂಗಿಗೆ ಎತ್ತಿಕೊಡುವುದು ಆ ನೊರೆಯೇ. ಎಲ್ಲ ಗ್ಲಾಸೂ ಒಂದೇ ಆಕಾರದ್ದಿರಲಿ, ಸುರಿಯುವ ಮೊದಲು ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ. ಫ್ರೀಜರಿನಲ್ಲಿಟ್ಟು ಮಂಜುಗಟ್ಟಿಸಿದ ಗ್ಲಾಸ್ ಬೇಡವೇ ಬೇಡ.

ಅತಿ ತಣ್ಣಗಿರುವ ಬಿಯರಿಗೆ ವಾಸನೆಯೇ ಬರುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ತೆಳು ಲಾಗರಿಗೆ 4ರಿಂದ 7 ಡಿಗ್ರಿ ಸಾಕು. ಏಲ್‌ಗಳಿಗೆ 8ರಿಂದ 12. ಗಟ್ಟಿ ಸ್ಟೌಟ್ ಇನ್ನೂ ಸ್ವಲ್ಪ ಬೆಚ್ಚಗಿರಲಿ. ಹೋಲಿಸುವ ಬಿಯರುಗಳೆಲ್ಲ ಒಂದೇ ಫ್ರಿಜ್ಜಿನಿಂದ ಒಂದೇ ಹೊತ್ತಿಗೆ ಹೊರಬರಬೇಕು. ಕ್ಯಾನಿನ ಮೇಲಿನ ತಾರೀಖನ್ನೂ ನೋಡಿ. ಹಾಪ್ಸ್ ಜಾಸ್ತಿ ಇರುವ ಐಪಿಎ (ಇಂಡಿಯಾ ಪೇಲ್ ಏಲ್) ಎಲ್ಲಕ್ಕಿಂತ ಬೇಗ ಮಂಕಾಗುತ್ತದೆ. ಎರಡು ವಾರದ ಐಪಿಎ ಒಂದು, ಆರು ತಿಂಗಳು ಬೆಚ್ಚನೆ ಗೋದಾಮಿನಲ್ಲಿದ್ದ ಐಪಿಎ ಇನ್ನೊಂದು, ಇವೆರಡನ್ನು ಹೋಲಿಸಿದರೆ ನೀವು ಹೋಲಿಸಿದ್ದು ಗೋದಾಮುಗಳನ್ನು.

ಈಗ ಗುಟುಕಿನ ಮಾತು. ಸುರಿದ ತಕ್ಷಣ ಮೂಸಿ, ಏಕೆಂದರೆ ಕೆಲವು ವಾಸನೆಗಳು ಅರ್ಧ ನಿಮಿಷದಲ್ಲಿ ಹಾರಿಹೋಗುತ್ತವೆ. ಜೋರಾಗಿ ಎಳೆಯಬೇಡಿ, ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಸಾಕು. ಆಮೇಲೆ ಒಂದು ಗುಟುಕು ಬಾಯಿತುಂಬ ಆಡಿಸಿ. ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಅನ್ನುವ ಹಳೆಯ ಚಿತ್ರ ಸುಳ್ಳು. ಇಡೀ ನಾಲಿಗೆಗೆ ಎಲ್ಲ ರುಚಿಯೂ ತಿಳಿಯುತ್ತದೆ. ಆ ಗುಟುಕನ್ನು ಉಗುಳಬೇಡಿ, ನುಂಗಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟರೆ ಗಂಟಲ ಹಿಂದಿನಿಂದ ಘಮ ಏರಿ ಬರುತ್ತದೆ. ಹಾಪ್ಸ್ ಮತ್ತು ಮಾಲ್ಟಿನ ಅರ್ಧ ಕಥೆ ಸಿಗುವುದು ಅಲ್ಲೇ. ನುಂಗಬೇಕಾದ ಕಾರಣಕ್ಕೇ ಒಂದೊಂದು ಗ್ಲಾಸಿಗೆ 60ರಿಂದ 75 ಮಿಲಿಲೀಟರ್ ಮೀರಬೇಡಿ, ಒಂದು ಸಲ ಕೂತಾಗ ಆರು ಬಿಯರ್ ಮೀರಬೇಡಿ. ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ, ತೆಳುವಿನಿಂದ ಗಟ್ಟಿಗೆ ಹೋಗಿ. ನಡುವೆ ನೀರು ಕುಡಿಯಿರಿ. ಮುಗಿದ ಮೇಲೆ ಗಾಡಿ ಓಡಿಸಬೇಡಿ.

ಇನ್ನು ದೋಷಗಳು. ಅವುಗಳಲ್ಲಿ ಬೆಣ್ಣೆಯ ವಾಸನೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ಸಣ್ಣ ಬ್ರೂವರಿಗಳ ಬಿಯರಿನಲ್ಲಿ ಇದು ಮತ್ತೆ ಮತ್ತೆ ಸಿಗುತ್ತದೆ. ಬಿಯರ್ ಮೂಸಿದಾಗ ಬೆಣ್ಣೆ ಹಾಕಿದ ಪಾಪ್‌ಕಾರ್ನ್ ನೆನಪಾದರೆ, ನಾಲಿಗೆಗೆ ಜಾರುವಂಥ ನುಣುಪು ತಟ್ಟಿದರೆ, ಅದು ಡೈಅಸೆಟೈಲ್. ಲೀಟರಿಗೆ 0.1 ಮಿಲಿಗ್ರಾಂನಷ್ಟು ಇದ್ದರೂ ಬಹಳ ಜನಕ್ಕೆ ಗೊತ್ತಾಗುತ್ತದೆ. ಕೆಲವರಿಗೆ ಎಷ್ಟಿದ್ದರೂ ಗೊತ್ತಾಗುವುದಿಲ್ಲ, ಅದು ಅವರ ತಪ್ಪಲ್ಲ, ಮೂಗಿನ ರಚನೆಯೇ ಹಾಗೆ. ಹುದುಗುವಾಗ ಇದು ಎಲ್ಲ ಬಿಯರಿನಲ್ಲೂ ಹುಟ್ಟುತ್ತದೆ. ಕೊನೆಯಲ್ಲಿ ಯೀಸ್ಟೇ ಅದನ್ನು ಮತ್ತೆ ಹೀರಿಕೊಂಡು ಶುಚಿ ಮಾಡುತ್ತದೆ. ಅದಕ್ಕೆ ಸಮಯ ಬೇಕು. ಹಾಗಾಗಿ ಲಾಗರ್ ಮಾಡುವವರು ಕೊನೆಗೆ ಎರಡು ಮೂರು ದಿನ ಟ್ಯಾಂಕಿನ ಬಿಸಿ ಸ್ವಲ್ಪ ಏರಿಸುತ್ತಾರೆ. ಟ್ಯಾಂಕ್ ಬೇಗ ಖಾಲಿಯಾಗಲಿ ಅಂತ ಅವಸರಪಟ್ಟು ತಣ್ಣಗೆ ಮಾಡಿದರೆ ಯೀಸ್ಟ್ ಮಲಗಿಬಿಡುತ್ತದೆ, ಬೆಣ್ಣೆ ಉಳಿಯುತ್ತದೆ. ಇದನ್ನು ಮೊದಲೇ ಕಂಡುಹಿಡಿಯಲು ಸುಲಭದ ಪರೀಕ್ಷೆಯಿದೆ. ಟ್ಯಾಂಕಿನಿಂದ ಎರಡು ಮಾದರಿ ತೆಗೆದು, ಒಂದನ್ನು ಮುಚ್ಚಿ 60 ಡಿಗ್ರಿಯಲ್ಲಿ ಅರ್ಧ ಗಂಟೆಯಿಟ್ಟು, ತಣ್ಣಗಾಗಲು ಬಿಟ್ಟು, ಎರಡನ್ನೂ ಮೂಸುವುದು. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಇನ್ನೂ ಕಾಯಬೇಕು.

ಆದರೆ ಬೆಣ್ಣೆ ಬಂದ ಕೂಡಲೇ ಬ್ರೂವರನ್ನು ದೂರಬೇಡಿ. ಒಮ್ಮೆ ಒಂದು ಕಡೆ ಟ್ಯಾಪಿನಿಂದ ಬಂದ ಏಲ್ ಬೆಣ್ಣೆ ನಾರುತ್ತಿತ್ತು, ಜೊತೆಗೆ ಸಣ್ಣ ಹುಳಿ. ಅದೇ ಬ್ರೂವರಿಯ ಅದೇ ವಾರದ ಕ್ಯಾನ್ ತೆರೆಸಿದೆ, ಚೊಕ್ಕವಾಗಿತ್ತು. ತಪ್ಪಿದ್ದದ್ದು ಕೆಗ್‌ನಿಂದ (ಬಿಯರ್ ತುಂಬಿಡುವ ಪೀಪಾಯಿ) ಟ್ಯಾಪಿಗೆ ಬರುವ ಪೈಪಿನಲ್ಲಿ. ಆ ಪೈಪನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ತೊಳೆಯದಿದ್ದರೆ ಅಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಇದೇ ಬೆಣ್ಣೆಯ ವಾಸನೆ ತರುತ್ತವೆ. ಇನ್ನು ಕೆಲವು ಚೆಕ್ ಪಿಲ್ಸ್ನರ್ ಮತ್ತು ಇಂಗ್ಲಿಷ್ ಏಲ್‌ಗಳಲ್ಲಿ ತುಸು ಬೆಣ್ಣೆ ತಪ್ಪೇ ಅಲ್ಲ. ಅಂದರೆ ಒಂದೇ ವಾಸನೆಗೆ ಮೂರು ಅರ್ಥ. ಅವಸರ, ಕೊಳೆ ಪೈಪು, ಇಲ್ಲವೇ ಆ ಬಿಯರಿನ ಗುಣ.

ಉಳಿದ ದೋಷಗಳನ್ನು ಗುರುತಿಸುವುದು ಇದಕ್ಕಿಂತ ಸುಲಭ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ, ಕುದಿಸುವ ಹಂತದಲ್ಲಿ ಚೆನ್ನಾಗಿ ಕುದಿಸಿಲ್ಲ ಅಂತ ಮೊದಲು ಸಂಶಯಪಡಿ. ಹಸಿರು ಸೇಬಿನ ವಾಸನೆ ಹೆಚ್ಚಾಗಿ ಎಳೆ ಬಿಯರಿನದು. ಒದ್ದೆ ರಟ್ಟಿನ ವಾಸನೆ ಆಮ್ಲಜನಕ ತಗುಲಿ ಹಳತಾದದ್ದರದು. ಹಸಿರು ಅಥವಾ ಬಣ್ಣವಿಲ್ಲದ ಗಾಜಿನ ಬಾಟಲಿ ಬೆಳಕಿನಲ್ಲಿ ಇದ್ದರೆ ಹಾಪ್ಸಿನ ಕಹಿ ಅಂಶ ಒಡೆದು ಕೆಟ್ಟ ಗಂಧಕದ ನಾತ ಬರುತ್ತದೆ. ಬಿಸಿಲಿಗಿಟ್ಟರೆ ಕೆಲವೇ ನಿಮಿಷ ಸಾಕು. ಕಂದು ಬಾಟಲಿ ಇದನ್ನು ಬಹುಪಾಲು ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ಕ್ಯಾನ್ ಬಿಯರ್ ಕೀಳು ಅನ್ನುವ ಮಾತು ಇನ್ನೂ ಕಿವಿಗೆ ಬೀಳುತ್ತದೆ. ನನಗಂತೂ ಆಯ್ಕೆ ಕೊಟ್ಟರೆ ಕ್ಯಾನೇ ಬೇಕು.

ಎರಡು ಬಿಯರ್ ನಿಜಕ್ಕೂ ಬೇರೆಯಾ ಅಂತ ತಿಳಿಯಬೇಕೇ? ಮೂರು ಗ್ಲಾಸ್ ಇಡಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು. ಯಾವುದು ಬೇರೆ ಅಂತ ಹೇಳಬೇಕು, ಅಷ್ಟೇ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹಾಗಾಗಿ 12 ಜನ ಕೂತರೆ ಕನಿಷ್ಠ 8 ಜನ ಸರಿ ಹೇಳಿದಾಗ ಮಾತ್ರ ವ್ಯತ್ಯಾಸ ಇದೆ ಅಂತ ನಾವು ಒಪ್ಪುತ್ತೇವೆ. ಬಿಯರಿಗೂ ಲೆಕ್ಕಕ್ಕೂ ನಂಟು ಹಳೆಯದು. ಕೆಲವೇ ಮಾದರಿಗಳಿಂದ ನಂಬುವಂಥ ತೀರ್ಮಾನಕ್ಕೆ ಬರುವುದು ಹೇಗೆ ಅಂತ 1908ರಲ್ಲಿ 'ಸ್ಟೂಡೆಂಟ್' ಅನ್ನುವ ಹೆಸರಿನಲ್ಲಿ ಬರೆದ ವಿಲಿಯಂ ಗೋಸೆಟ್, ಗಿನ್ನೆಸ್ ಬ್ರೂವರಿಯಲ್ಲಿ ಕೆಲಸ ಮಾಡುತ್ತಿದ್ದವರು. ಇಂದಿಗೂ ಪ್ರಪಂಚದ ಪ್ರಯೋಗಾಲಯಗಳಲ್ಲಿ ಆ ಲೆಕ್ಕ ಬಳಕೆಯಲ್ಲಿದೆ.

ಅಂಕ ಕೊಡುವುದಾದರೆ ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಬಿಜೆಸಿಪಿ ಸಂಸ್ಥೆಯ ಅಂಕದ ಹಾಳೆ ಒಳ್ಳೆಯ ದಾರಿ. 50 ಅಂಕದಲ್ಲಿ ಘಮಕ್ಕೆ 12, ನೋಟಕ್ಕೆ ಬರೀ 3, ರುಚಿಗೆ 20, ಬಾಯಲ್ಲಿ ಆಗುವ ಅನುಭವಕ್ಕೆ 5, ಒಟ್ಟಾರೆ 10. ನೋಟಕ್ಕೆ ಎಷ್ಟು ಕಡಿಮೆ ಅಂತ ಗಮನಿಸಿ. ಆದರೂ ಕಣ್ಣು ನಮ್ಮನ್ನು ದಾರಿ ತಪ್ಪಿಸುತ್ತದೆ. ಕಪ್ಪಗಿದ್ದರೆ ಸ್ಟ್ರಾಂಗ್ ಅಂದುಕೊಳ್ಳುತ್ತೇವೆ, ಆದರೆ ಎಷ್ಟೋ ಡ್ರೈ ಸ್ಟೌಟ್‌ಗಳಲ್ಲಿ ಆಲ್ಕೋಹಾಲ್ ಇರುವುದು ಶೇಕಡ 4ರ ಆಸುಪಾಸು. ಬಣ್ಣ ಬರುವುದು ಹುರಿದ ಬಾರ್ಲಿಯಿಂದ. ಅಂಕಕ್ಕಿಂತ ಪಕ್ಕದಲ್ಲಿ ಬರೆಯುವ ಎರಡು ಸಾಲು ಬ್ರೂವರಿಗೆ ಹೆಚ್ಚು ಬೇಕು. 'ಚೆನ್ನಾಗಿಲ್ಲ' ಅಂತ ಬರೆದರೆ ಅವರು ಏನೂ ಸರಿಮಾಡಲಾರರು. 'ಮೊದಲು ಬ್ರೆಡ್ಡಿನ ಘಮ, ನುಂಗಿದ ಮೇಲೆ ಟೀ ಸೊಪ್ಪಿನ ಒಗರು' ಅಂತ ಬರೆದರೆ, ಧಾನ್ಯ ತೊಳೆಯುವ ನೀರು ಹೆಚ್ಚು ಬಿಸಿಯಾಗಿತ್ತಾ ಅಂತ ಅವರು ನಾಳೆಯೇ ನೋಡುತ್ತಾರೆ.

ಅಂಕ ಬರೆದ ಮೇಲೂ ಗ್ಲಾಸ್ ಎತ್ತಬೇಡಿ. ಪ್ರತಿಯೊಂದರಲ್ಲೂ ಒಂದು ಗುಟುಕು ಉಳಿಸಿ, ಹದಿನೈದು ನಿಮಿಷ ಬಿಟ್ಟು, ಈ ಸಲ ಹಿಂದಿನಿಂದ ಮುಂದಕ್ಕೆ ಮತ್ತೆ ನೋಡಿ. ತಣ್ಣಗಿದ್ದಾಗ ಅಡಗಿದ್ದ ಬೆಣ್ಣೆ ಬೆಚ್ಚಗಾದಾಗ ಎದ್ದು ಬರುತ್ತದೆ. ಅಡಗಿದ್ದ ಒಳ್ಳೆಯ ಮಾಲ್ಟ್ ಕೂಡ. ಆ ದಿನ ನನ್ನ ಐದನೇ ಗ್ಲಾಸಿನ 31 ಅಂಕ 37 ಆದದ್ದು ಹೀಗೆ ಹಿಂದಿನಿಂದ ನೋಡುತ್ತಾ ಬಂದಾಗಲೇ.