ದಾನಿಗಳ ಪಟ್ಟಿಯಲ್ಲಿ ಹೆಂಗಸರ ಹೆಸರು ಯಾಕೆ ಕಡಿಮೆ?

ಪ್ರಶ್ನೆ: ನಮ್ಮೂರ ದೇವಸ್ಥಾನದ ಗೋಡೆಗೆ ದಾನಿಗಳ ಹೆಸರಿನ ಕಲ್ಲು ಹಾಕಿಸಿದ್ದಾರೆ. ನೂರಕ್ಕೂ ಜಾಸ್ತಿ ಹೆಸರಿದೆ, ಹೆಂಗಸರದ್ದು ಹುಡುಕಿದರೂ ಆರೇಳು ಸಿಗಲ್ಲ. ಹೆಂಗಸರು ನಿಜವಾಗಿಯೂ ದಾನ ಕಡಿಮೆ ಮಾಡ್ತಾರಾ? ಇಲ್ಲ ಅವರು ಕೊಡುವ ರೀತಿಯೇ ಬೇರೆನಾ? (ಮದ್ದೂರು ಕಡೆಯ ಓದುಗರೊಬ್ಬರು)

ಉತ್ತರ: ಕೊಡುವ ರೀತಿ ಬೇರೆ, ನಿಜ. ಆದರೆ ಆ ಕಲ್ಲನ್ನು ನಂಬಿ ಹೆಂಗಸರು ಕಡಿಮೆ ಕೊಡುತ್ತಾರೆ ಅಂತ ಮಾತ್ರ ಹೇಳಬೇಡಿ. ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮದು ಮಂಡ್ಯದ ಪಕ್ಕದ ಹಳ್ಳಿ. ರಾಮನವಮಿ, ಗಣಪತಿ, ಮಾರಿಹಬ್ಬ ಏನೇ ಇರಲಿ, ಹುಡುಗರು ರಸೀದಿ ಪುಸ್ತಕ ಹಿಡಿದು ಚಂದಾ ಎತ್ತಲು ಬರುತ್ತಾರೆ. ಒಂದು ಸಲ ಹಾಗೆ ಬಂದಾಗ ಅಪ್ಪ ಗದ್ದೆ ಹತ್ತಿರ ಇದ್ದರು. ಅಮ್ಮ ಒಳಗೆ ಹೋಗಿ ಬೇಳೆ ಡಬ್ಬಿಯಿಂದ ಐನೂರರ ನೋಟು ತಂದು ಕೊಟ್ಟರು. ಡೇರಿ ಬಟವಾಡೆಯ ದುಡ್ಡು ಅದು. ಬೆಳಗ್ಗೆ ಸಂಜೆ ಹಸು ಕರೆದು, ಹಾಲು ಹಾಕಿ, ಹತ್ತು ಇಪ್ಪತ್ತು ಅಂತ ಉಳಿಸಿದ್ದು. ರಸೀದಿ ಬರೆಯುವ ಹುಡುಗ ತಲೆ ಎತ್ತದೆ ಕೇಳಿದ: "ಅಕ್ಕಾ, ಅಣ್ಣನ ಹೆಸ್ರೇ ತಾನೆ?" ಅಮ್ಮ "ಹೂಂ ಕಣಪ್ಪ, ಬರ್ಕೊ" ಅಂದರು. ದಾನಿಗಳ ಪಟ್ಟಿಯಲ್ಲಿ ಅಪ್ಪನ ಹೆಸರು ಬಂತು. ತಾನು ಐನೂರು ಕೊಟ್ಟಿದ್ದೇನೆ ಅನ್ನೋದು ಅಪ್ಪನಿಗೆ ಗೊತ್ತಾದದ್ದು ಆ ಪಟ್ಟಿ ಓದಿದ ಮೇಲೆ! ನಿಮ್ಮೂರ ಕಲ್ಲಿನ ಮೇಲೂ ಇಂಥ ಹೆಸರು ಎಷ್ಟಿವೆಯೋ.

ಇನ್ನು ರಸೀದಿಯೇ ಇಲ್ಲದ ದಾನ. ನಮ್ಮ ಅಜ್ಜಿ ದಿನಾ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಹಿಡಿ ಅಕ್ಕಿ, ಮುಷ್ಟಿ ಅಕ್ಕಿ ಅಂತ ಕರೆಯುವುದು ಇದನ್ನೇ. ಡಬ್ಬಿ ತುಂಬಿದಾಗ ಅದು ಮಠದ ದಾಸೋಹಕ್ಕೋ, ಜಾತ್ರೆಯ ಅನ್ನಸಂತರ್ಪಣೆಗೋ ಹೋಗುತ್ತಿತ್ತು. ಲೆಕ್ಕ ಹಾಕಿ ನೋಡಿ. ಹಿಡಿಗೆ 50 ಗ್ರಾಂ ಅಂದರೂ ವರ್ಷಕ್ಕೆ 18 ಕೆಜಿ ದಾಟುತ್ತದೆ. ಊರಲ್ಲಿ 200 ಮನೆ ಇದ್ದರೆ 36 ಕ್ವಿಂಟಾಲ್. ಅದೇ ಒಬ್ಬರು ಒಂದು ಲೋಡು ಅಕ್ಕಿ ಇಳಿಸಿದ್ದರೆ ಬ್ಯಾನರ್ ಕಟ್ಟಿ, ಹಾರ ಹಾಕಿ ಕಳಿಸುತ್ತಿದ್ದೆವು, ಅಲ್ವಾ?

ಹೆಂಗಸರು ಹೀಗೆ ಹಿಡಿ ಹಿಡಿಯಾಗಿ ಕೊಡುವುದು ಯಾಕೆ? ಕೈಯಲ್ಲಿ ಇದ್ದದ್ದೇ ಅಷ್ಟು. ಕನ್ನಂಬಾಡಿ ಕಟ್ಟೆಗೆ ಮಹಾರಾಣಿ ಒಡವೆ ಕೊಟ್ಟ ಕತೆಯನ್ನು ನಮ್ಮ ಕಡೆ ಕೇಳದೆ ಬೆಳೆದವರಿಲ್ಲ. ವಾಣಿವಿಲಾಸ ಸನ್ನಿಧಾನ ಅಂತ ಕರೆಸಿಕೊಂಡ ಕೆಂಪನಂಜಮ್ಮಣ್ಣಿ 1895ರಿಂದ 1902ರವರೆಗೆ ಮಗನ ಪರವಾಗಿ ಮೈಸೂರು ರಾಜ್ಯವನ್ನೇ ನಡೆಸಿದವರು. ಅಂಥವರ ದಾನ ಅಂದರೂ ಜನರ ಬಾಯಲ್ಲಿ ಉಳಿದದ್ದು ಒಡವೆಯ ಕತೆಯೇ. ಯಾಕೆಂದರೆ ಹೆಣ್ಣಿಗೆ ಇದು ನಂದು ಅಂತ ಹೇಳಿಕೊಳ್ಳಲು ಇದ್ದದ್ದು ಒಡವೆ ಒಂದೇ. ಜಮೀನೆಲ್ಲ ಗಂಡಸರ ಹೆಸರಲ್ಲಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕದಲ್ಲಿ ಕಾನೂನು ಆದದ್ದು 1994ರಲ್ಲಿ. ಶಾಲೆಗೆ ಎರಡು ಗುಂಟೆ ಜಾಗ ಬರೆದುಕೊಡಲು ಮೊದಲು ತನ್ನ ಹೆಸರಲ್ಲಿ ಪಹಣಿ ಇರಬೇಕಲ್ಲ!

ಗುಣದಲ್ಲೂ ವ್ಯತ್ಯಾಸ ಇದೆಯಾ ಅಂತ ಅಮೆರಿಕದಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿ ನೋಡಿದ್ದಾರೆ. ಒಬ್ಬರ ಕೈಗೆ ಸ್ವಲ್ಪ ದುಡ್ಡು ಕೊಟ್ಟು, ಗುರುತು ಪರಿಚಯ ಇಲ್ಲದ ಇನ್ನೊಬ್ಬರಿಗೆ ಬೇಕಾದರೆ ಕೊಡಿ, ಬೇಡವಾದರೆ ಇಟ್ಟುಕೊಳ್ಳಿ ಅನ್ನುವುದು. ಯಾರು ಎಷ್ಟು ಕೊಟ್ಟರು ಅಂತ ಯಾರಿಗೂ ತಿಳಿಯುವುದಿಲ್ಲ. 1998ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನದಲ್ಲಿ ಹೆಂಗಸರು ಗಂಡಸರ ಸುಮಾರು ಎರಡರಷ್ಟು ಕೊಟ್ಟಿದ್ದರು. 2001ರಲ್ಲಿ ಬಂದ ಇನ್ನೊಂದು ನನಗೆ ಇನ್ನೂ ಇಷ್ಟ. ಕೊಟ್ಟ ದುಡ್ಡು ಆ ಕಡೆ ತಲುಪುವಾಗ ಎರಡು ಮೂರು ಪಟ್ಟು ಆಗುತ್ತದೆ ಅಂದಾಗ ಗಂಡಸರು ಕೈ ಬಿಚ್ಚಿದರು. ಕೈಯಿಂದ ಹೋಗುವುದು ಜಾಸ್ತಿ, ತಲುಪುವುದು ಕಡಿಮೆ ಅಂದಾಗ ಹೆಂಗಸರೇ ಜಾಸ್ತಿ ಕೊಟ್ಟರು. ಹೆಂಗಸರು ಇಬ್ಬರಿಗೂ ಸಮ ಬರುವ ಹಾಗೆ ಹಂಚಲು ನೋಡಿದರು. ಎಲ್ಲವನ್ನೂ ಕೊಟ್ಟುಬಿಡುವವರು, ಒಂದು ಕಾಸೂ ಬಿಚ್ಚದವರು ಗಂಡಸರಲ್ಲೇ ಜಾಸ್ತಿ ಇದ್ದರು. ಅದು ಅಲ್ಲಿನ ಕಾಲೇಜು ವಿದ್ಯಾರ್ಥಿಗಳ ಮಾತು, ಮಂಡ್ಯಕ್ಕೆ ಹಾಗೇ ಹೊಂದುತ್ತದೆ ಅಂತ ನಾನು ಹೇಳಲಾರೆ. ಆದರೂ ಓದುವಾಗ ನನಗೆ ಅಜ್ಜಿಯ ಡಬ್ಬಿ ಕಣ್ಣ ಮುಂದೆ ಬಂತು.

ಗಂಡ ಹೆಂಡತಿ ವಿಷಯ 2003ರ ಒಂದು ಅಧ್ಯಯನದಲ್ಲಿದೆ, ಅದೂ ಅಮೆರಿಕದ್ದೇ. ಹೆಂಗಸರು ಹೆಚ್ಚು ಕಡೆಗೆ ಸ್ವಲ್ಪ ಸ್ವಲ್ಪ ಕೊಡುತ್ತಾರೆ, ಗಂಡಸರು ಕೆಲವೇ ಕಡೆಗೆ ದೊಡ್ಡ ಮೊತ್ತ ಕೊಡುತ್ತಾರೆ. ಇಬ್ಬರೂ ಕೂತು ತೀರ್ಮಾನ ಮಾಡಿದಾಗ ಬಹುಮಟ್ಟಿಗೆ ನಡೆಯುವುದು ಗಂಡನ ಮಾತು. ತೆರಿಗೆ ಉಳಿಯುತ್ತದಾ ಅಂತ ಜಾಸ್ತಿ ಲೆಕ್ಕ ನೋಡುವವರೂ ಗಂಡಸರೇ.

ಹಾಗಾದರೆ ಹೆಂಗಸರ ಕೈಗೇ ದುಡ್ಡು ಬಂದರೆ? ಗೃಹಲಕ್ಷ್ಮಿ ಶುರುವಾದದ್ದು ನಮ್ಮ ಮೈಸೂರಲ್ಲೇ, 2023ರ ಆಗಸ್ಟ್ 30ರಂದು. ಮನೆ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಮರುವರ್ಷ ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಆ ದುಡ್ಡು ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ ಸುದ್ದಿ ಪೇಪರಿನಲ್ಲಿ ಬಂತು. ಅದೇ ಜಿಲ್ಲೆಯ ಇನ್ನೊಬ್ಬರು ಊರ ಮಕ್ಕಳಿಗೆ ಗ್ರಂಥಾಲಯ ಮಾಡಿಸಿದರು. ಇವು ಒಂದೆರಡು ಉದಾಹರಣೆ ಅಷ್ಟೇ, ಒಪ್ಪುತ್ತೇನೆ. ಆದರೆ ದುಡ್ಡು ಅವರ ಖಾತೆಯದ್ದು, ಆದ್ದರಿಂದ ಹೆಸರೂ ಅವರದ್ದೇ ಬಂತು.

ನಿಮ್ಮೂರಲ್ಲಿ ಮುಂದಿನ ಸಲ ಚಂದಾ ಎತ್ತುವಾಗ ಒಂದು ಕೆಲಸ ಮಾಡಿ. ಬಾಗಿಲಿಗೆ ಬಂದು ದುಡ್ಡು ಕೊಟ್ಟವರು ಯಾರೋ ಅವರ ಹೆಸರನ್ನೇ ಕೇಳಿ ಬರೆಯಿರಿ. ಟ್ರಸ್ಟುಗಳಿಗೆ ಕೊಡುವ ಹೆಂಗಸರಿಗೂ ಒಂದು ಮಾತು: ತೆರಿಗೆ ವಿನಾಯಿತಿ ಬೇಕಿದ್ದರೆ ರಸೀದಿ ನಿಮ್ಮ ಹೆಸರು, ನಿಮ್ಮ ಪ್ಯಾನ್ ನಂಬರಿನಲ್ಲೇ ಇರಲಿ. 2,000 ರೂಪಾಯಿ ದಾಟಿದರೆ ನಗದು ಕೊಡಬೇಡಿ, ವಿನಾಯಿತಿ ಸಿಗಲ್ಲ.

ಹೋದ ವರ್ಷ ನಮ್ಮ ಬೀದಿಯ ಹುಡುಗರಿಗೆ ನಾನೇ ಮೊದಲೇ ಹೇಳಿಟ್ಟಿದ್ದೆ. ಅಮ್ಮ ದುಡ್ಡು ಕೊಟ್ಟಾಗ ಹುಡುಗ ಅವರ ಹೆಸರು ಬರೆದು, ಪೆನ್ನು ಹಿಡಿದು ನಿಂತ. "ಅಜ್ಜೀ, ಇನಿಷಿಯಲ್ ಏನ್ ಹಾಕ್ಲಿ?" ಅಮ್ಮನಿಗೆ ಎಪ್ಪತ್ತು ವರ್ಷ. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ತಮ್ಮ ತವರೂರಿನ ಹೆಸರು ಹೇಳಿದರು.